ಹೋಗುವವರಿಗೆ ಚಿಪ್ಪಿನ ಹಾರ

ಸೆಪ್ಟೆಂಬರ್ 2, ಮಂಗಳವಾರ

‘ಮನೆಯನ್ನು ಬೆನ್ನ ಮೇಲೆ ಹೊತ್ತವರಿಗೆ ಯಾವ ದಾರಿಯೂ ದೂರವಲ್ಲ.’ ನೆನಪಿರುವುದು ಇಷ್ಟೇ. ಹಿಂದಿನ ಸಾಲು, ಮುಂದಿನ ಸಾಲು, ಬರೆದವರ ಹೆಸರು ಯಾವುದೂ ಇಲ್ಲ. ಬೆಳಿಗ್ಗೆ ಏಳುವಾಗಲೇ ನಾಲಿಗೆಯ ಮೇಲೆ ಕೂತಿತ್ತು. ಕಾಫಿ ಆರಿ ತಣ್ಣಗಾಗುವ ತನಕ ಅದನ್ನೇ ತಿರುವಿ ತಿರುವಿ ನೋಡಿದೆ. ಇದನ್ನು ಬರೆದ ಪುಣ್ಯಾತ್ಮರು ಬಸವನ ಹುಳುವನ್ನು ಎಂದಾದರೂ ಹತ್ತಿರದಿಂದ ನೋಡಿದ್ದರೇ? ನಮ್ಮ ಕಣಿವೆಯ ಪುಟ್ಟ ಬಸವನ ಹುಳು ಅರೇಹೊ ಹುಟ್ಟಿದ ಮರದಲ್ಲೇ ಮುದಿಯಾಗುತ್ತದೆ. ಪಕ್ಕದ ಮರಕ್ಕೆ ಹೋದರೆ ಅದಕ್ಕದೇ ದೇಶಾಂತರ. ಮನೆ ಹೊತ್ತವರಿಗೆ ಎಲ್ಲ ದಾರಿಯೂ ದೂರವೇ. ಜೂನ್‌ನಿಂದೀಚೆಗೆ ನಾನೂ ಮೂಲೆಯ ಅಂಗಡಿಯಿಂದ ಆಚೆಗೆ ಹೋದವಳಲ್ಲ.

ಮಧ್ಯಾಹ್ನ ವೈಮಿತಿ ಬಂದಿದ್ದಳು. ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು, ನಾನು ಪದ್ಯ ಓದುವಾಗಲೆಲ್ಲ ಹೊರಗಿನ ಮರ ನೋಡುತ್ತಿದ್ದ ಹುಡುಗಿ. ಈಗ ರಾಜಧಾನಿ ಪಪೀಟೆಯಲ್ಲಿ ಅವಳಿಗೆ ಮರ ನೋಡುವುದಕ್ಕೇ ಸಂಬಳ. ಅರೇಹೊಗಳನ್ನು ಕಾಡಿಗೆ ಮರಳಿ ತರುವವರ ಗುಂಪಿನಲ್ಲಿದ್ದಾಳೆ.

"ಮೇಡಂ, ಮಾತಾಹಿ ಮಾವ ಹೋದ್ಮೇಲೆ ಕಣಿವೇಲಿ ನೋಡ್ಕೊಳ್ಳೋರೇ ಇಲ್ಲ," ಎಂದಳು. "ವಾರಕ್ಕೊಂದ್ಸಲ ಹೋಗಿ ಎಲೆ ತಿರುಗಿಸಿ ನೋಡಿದ್ರೆ ಸಾಕು. ನಾವು ಬಿಟ್ಟಿರೋದೆಲ್ಲ ದೊಡ್ಡ ಹುಳ. ಎಲ್ಲದರ ಚಿಪ್ಪಿನ ಮೇಲೂ ಕೆಂಪು ಚುಕ್ಕೆ ಇಟ್ಟಿದೀವಿ. ಚುಕ್ಕೆ ಇಲ್ಲದ ಮರಿ ಒಂದೇ ಒಂದು ಕಂಡ್ರೂ ಅದು ಇಲ್ಲೇ ಹುಟ್ಟಿದ್ದು ಅಂತ ಅರ್ಥ. ಕ್ರಿಸ್‌ಮಸ್ ಒಳಗೆ ಕಾಣ್ಲಿಲ್ಲ ಅಂದ್ರೆ ಮುಂದಿನ ಹುಳದ ಪೆಟ್ಟಿಗೆ ನಮ್ಮ ಹುವಾಹಿನೆಗೆ ಬರಲ್ಲ, ಬೇರೆ ದ್ವೀಪಕ್ಕೆ ಹೋಗತ್ತೆ."

ಹೊರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಹುಟ್ಟಿ, ಸತ್ತು, ಮತ್ತೆ ಹುಟ್ಟಿ ಹೇಗೋ ಉಳಿದುಬಂದ ಸಂತಾನ ಅದು. ಹೋದ ವರ್ಷ ಅವನ್ನು ತಂದು ಬಿಟ್ಟದ್ದು ನನ್ನ ಗಂಡ ಮಾತಾಹಿಯ ಮನೆತನದ ಜಮೀನಿನಲ್ಲಿ. ಪಾಲಾಗದ ಜಮೀನು. ಅಣ್ಣತಮ್ಮಂದಿರು, ಅವರ ಮಕ್ಕಳು, ಪಪೀಟೆಯಲ್ಲಿರುವ ದಾಯಾದಿಗಳು, ಎಲ್ಲರೂ ಹೂಂ ಎನ್ನಬೇಕು. ಒಬ್ಬೊಬ್ಬರ ಮನೆಗೂ ಮೀನು ಹಿಡಿದುಕೊಂಡು ಹೋಗಿ, ತಮಾಷೆ ಮಾಡಿ, ಜಗಳವಾಡಿ ಹೂಂ ಎನ್ನಿಸಿದ್ದು ಅವನು.

ಆಗುವುದಿಲ್ಲ ಎಂದೆ. ಮೊಣಕಾಲು ನೋವು ಎಂದೆ. ಹೊಳೆ ದಾಟಿದರೆ ಮೊದಲು ಸಿಗುವುದು ಮನೆತನದ, ನೆರೆಹೊರೆಯವರ ಸಮಾಧಿಗಳು, ಆಮೇಲೆ ಹುಳುಗಳ ಮರ. ಜೂನ್‌ನಲ್ಲಿ ಮಣ್ಣು ಮಾಡಿ ಬಂದ ಮೇಲೆ ನಾನು ಆ ಹೊಳೆ ದಾಟಿಲ್ಲ. ವೈಮಿತಿಗೂ ಗೊತ್ತು. ಒತ್ತಾಯ ಮಾಡಲಿಲ್ಲ.

ಅವಳು ಗೇಟು ಮುಟ್ಟುವ ಮೊದಲೇ ಬೇಲಿಯಾಚೆಯಿಂದ ತೇರಾಯಿ ದೊಡ್ಡಮ್ಮನ ದನಿ: "ಮೊಣಕಾಲಿಗೇನಾಗಿದ್ಯೇ ನಿಂಗೆ, ತೀತಾವಾ? ನಿನ್ನೆ ನನ್ನ ಹುಂಜನ್ನ ಅಟ್ಟಿಸ್ಕೊಂಡು ಹೋದಾಗ ಚೆನ್ನಾಗೇ ಇತ್ತಲ್ಲ!"

ಸೆಪ್ಟೆಂಬರ್ 6, ಶನಿವಾರ

ಮಳೆ. ಒಲೆಯ ಪಕ್ಕ ನಿಂತುಕೊಂಡೇ ಪಾತ್ರೆಯಿಂದ ಕೆಸುವಿನ ಗೆಡ್ಡೆ ತಿಂದೆ. ತಟ್ಟೆ ತೊಳೆಯುವುದು ಉಳಿಯಿತು.

ಸೆಪ್ಟೆಂಬರ್ 14, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಗಾಳಿ ಈ ಕಡೆಗಿತ್ತು, ಹಾಡು ಮನೆಯವರೆಗೂ ಬಂತು. ಹೆಂಗಸರ ದನಿ ಮೇಲೇರುವಾಗ ಕೆಳಗೆ ಕಲ್ಲು ಉರುಳಿದ ಹಾಗೆ ಗಂಡಸರ ದನಿ. ಆ ಕಲ್ಲುಗಳಲ್ಲಿ ಒಂದು ಕಡಿಮೆ ಇದೆ. ಬೇರೆಯವರಿಗೆ ಗೊತ್ತಾಗುತ್ತದೋ ಇಲ್ಲವೋ.

ಆರಾಧನೆ ಮುಗಿದ ಮೇಲೆ ತೇರಾಯಿ ದೊಡ್ಡಮ್ಮ ಬಿಳಿ ಟೋಪಿಯನ್ನೂ ತೆಗೆಯದೆ ನೇರ ಅಡುಗೆಮನೆಗೆ ಬಂದರು. ಕೈಯಲ್ಲಿ ತೆಂಗಿನ ಹಾಲು ಹಾಕಿ ಕರಿದ ಫಿರಿಫಿರಿಯ ಪೊಟ್ಟಣ. ಕೊರಳಲ್ಲಿ ಭಾನುವಾರದ ಹಾರ, ಅರೇಹೊ ಚಿಪ್ಪಿನದು. ಕಂದು, ಕೆನೆಬಣ್ಣ, ನಡುವೆ ನಸುಗುಲಾಬಿ ಪಟ್ಟೆ. ಅಂಥ ಹಾರ ದ್ವೀಪದಲ್ಲಿ ಈಗ ಬೆರಳೆಣಿಕೆಯಷ್ಟು. ಅವರ ಓರಗೆಯ ಹೆಂಗಸರೆಲ್ಲ ಎಂದೋ ಕಡಲ ಚಿಪ್ಪಿಗೆ ಬದಲಾದರು.

"ಪಾದ್ರಿಗಳು ಇವತ್ತು ಏನು ಹೇಳಿದ್ರು?" ಎಂದೆ.

"ಏನೋ ಹೇಳಿದ್ರು. ಮುಂದಿನ ಸಾಲಿನವಳ ಟೋಪಿ ಅಡ್ಡ ಇತ್ತು, ಕೇಳಿಸ್ಲಿಲ್ಲ. ತಿನ್ನು."

ತಿಂದೆ. ಹಾರವನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಹುಡುಗೀರಿದ್ದಾಗ ಮಧ್ಯಾಹ್ನಕ್ಕೆ ಒಂದು ಬುಟ್ಟಿ ತುಂಬಿಸ್ತಿದ್ವಿ," ಎಂದರು. "ಮರ ಅಲ್ಲಾಡಿಸಿದ್ರೆ ಮಳೆ ಬಂದ ಹಾಗೆ ಬೀಳೋವು. ಈಗ ಆ ವೈಮಿತಿ ನನ್ನ ಕೊರಳು ನೋಡ್ತಾಳಲ್ಲ, ಕಳ್ಳಿ ಕೊರಳು ನೋಡಿದ ಹಾಗೆ."

"ಅವಳು ಹಾಗೆ ನೋಡಲ್ಲ ದೊಡ್ಡಮ್ಮ. ಅವನ್ನ ತಿಂದು ಮುಗಿಸಿದ್ದು ಸರ್ಕಾರದವರು ತಂದು ಬಿಟ್ಟ ಬೇಟೆ ಬಸವನ ಹುಳ."

"ಗೊತ್ತು ಬಿಡು, ನಂಗೇ ಪಾಠ ಹೇಳ್ಬೇಡ." ಟೋಪಿ ಸರಿಮಾಡಿಕೊಂಡರು. "ಸತ್ತವರ ಹಬ್ಬಕ್ಕೆ ಪಪೀಟೆಯಿಂದ ಸೇವಂತಿಗೆ ಕುಂಡ ಹೇಳಿದೀನಿ. ನನ್ನ ತಂಗಿಗೊಂದು, ಮಾತಾಹಿಗೊಂದು. ಹಡಗಲ್ಲಿ ಬರತ್ತೆ. ನಿನ್ನ ಭಾವ ತೂಹಿತಿ ಆಗಸ್ಟ್‌ನಲ್ಲೇ ತಮ್ಮನ ತಲೆ ಹತ್ರ ಜರೀಗಿಡದ ಕುಂಡ ಇಟ್ಟು ಬಂದ. ನೀನೊಬ್ಬಳು ಮಾತ್ರ..."

ನಾನು ಇನ್ನೊಂದು ಫಿರಿಫಿರಿ ತೆಗೆದುಕೊಂಡೆ, ಬಾಯಿ ತುಂಬಿರಲಿ ಎಂದು.

ಸೆಪ್ಟೆಂಬರ್ 23, ಮಂಗಳವಾರ

ಬೆಳಿಗ್ಗೆ ವೈಮಿತಿಯ ಫೋನು. ಪಪೀಟೆಯ ಕಡೆ ಸಸ್ಯತೋಟಗಳ ಕುಂಡದ ಮಣ್ಣಿನಲ್ಲಿ ಚಪ್ಪಟೆ ಹುಳು ಕಾಣಿಸಿಕೊಂಡಿದೆಯಂತೆ. ರಿಬ್ಬನ್ ತುಂಡಿನ ಹಾಗಿರುತ್ತದೆ, ಕಪ್ಪಗೆ, ಬೆನ್ನ ನಡುವೆ ತೆಳುವಾದೊಂದು ಬಿಳಿ ಗೆರೆ. ಮರ ಹತ್ತುತ್ತದೆ, ಅರೇಹೊ ಎಲ್ಲಿದ್ದರೂ ಹುಡುಕಿ ತಿನ್ನುತ್ತದೆ. "ಹೊಳೆ ಆಚೆಗೆ ಒಂದು ಕುಂಡಾನೂ ಹೋಗ್ಬಾರದು ಮೇಡಂ. ಒಂದು ಹೋದ್ರೂ ಎಲ್ಲಾ ಮುಗೀತು. ಈಗ ಅಲ್ಲಿ ಯಾವುದೂ ಇಲ್ಲ ತಾನೆ?"

ಇಲ್ಲ ಎಂದು ಫೋನಿಟ್ಟೆ. ಇಟ್ಟ ಮೇಲೆ ಜರೀಗಿಡ ನೆನಪಾಯಿತು.

ತೂಹಿತಿ ಭಾವ ಲಗೂನಿನ ಕಡಲಿಗೆ ಮೀನು ಹಿಡಿಯಲು ಹೋಗಿದ್ದರು. ಅಕ್ಕಿ ಚೀಲವೊಂದು, ಮುಚ್ಚಳದ ಡಬ್ಬಿಯೊಂದು ತೆಗೆದುಕೊಂಡು ಹೊರಟೆ. ಹೊಳೆಯಲ್ಲಿ ನೀರು ಮೀನಖಂಡದವರೆಗಿತ್ತು. ಆಚೆ ದಡದಲ್ಲಿ ಜಾರಿ ಬಿದ್ದು ಅಂಗೈ ತರಚಿತು. ಕುಂಡ ದೊಡ್ಡದು, ನಮ್ಮ ಭಾವನಿಗೆ ಸಣ್ಣದು ಯಾವುದೂ ಹಿಡಿಸುವುದಿಲ್ಲ. ಎತ್ತಿದೆ. ಕುಂಡದ ಅಡಿಯ ಒದ್ದೆ ಮಣ್ಣಿನಲ್ಲಿ ಅದು ಇತ್ತು. ವೈಮಿತಿ ಹೇಳಿದ ಹಾಗೇ. ಬಿಳಿ ಗೆರೆ, ಅಂಟಂಟು, ಅವಸರವೇ ಇಲ್ಲದ ನಡಿಗೆ. ಎಲೆಯಿಂದ ಡಬ್ಬಿಗೆ ತಳ್ಳಿ ಮುಚ್ಚಳ ಹಾಕಿದೆ. ಕುಂಡವನ್ನು ಚೀಲಕ್ಕೆ ತುಂಬಿ, ಎದೆಗೆ ಅವಚಿಕೊಂಡು ಕೆಳಗೆ ತಂದೆ. ಅಂಗಳದಲ್ಲಿ ಎರಡಕ್ಕೂ ಕುದಿಯುವ ನೀರು ಸುರಿದೆ. ಜರೀಗಿಡ ಬೆಂದ ಸೊಪ್ಪಿನ ವಾಸನೆ ಬಿಟ್ಟಿತು.

ವೈಮಿತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಸಮಾಧಿಯ ಸುತ್ತಲೂ ಒದ್ದೆ ಹಲಗೆಗಳನ್ನಿಟ್ಟು ದಿನಾ ಬೆಳಿಗ್ಗೆ ತಿರುವಿ ನೋಡಬೇಕು ಎಂದಳು. ಇನ್ನೊಂದಿದ್ದರೆ ಹಲಗೆಯ ತಂಪಿಗೆ ಬಂದು ಸೇರುತ್ತದೆ.

ಅಂಗೈ ಉರಿಯುತ್ತಿದೆ. ಸಮಾಧಿಯ ಕಟ್ಟೆಗೆ ಯಾರೂ ಸುಣ್ಣ ಬಳಿದಿಲ್ಲ. ಹೀಗೆ ಬಿಡುವುದೇ?

ಸೆಪ್ಟೆಂಬರ್ 29, ಸೋಮವಾರ

ಹಲಗೆಗಳ ಕೆಳಗೆ ಎರೆಹುಳು, ಜಿರಲೆ, ಒಂದು ಏಡಿ. ಅದಿಲ್ಲ.

ಮರಗಳವರೆಗೂ ಹೋಗಿದ್ದೆ. ಕಾಡು ಶುಂಠಿಯ ಎಲೆ ತಿರುಗಿಸಿದರೆ ಮೂರು ಒಟ್ಟಿಗೆ ಅಂಟಿಕೊಂಡಿದ್ದವು, ಕೆಂಪು ಚುಕ್ಕೆ ಹೊತ್ತು. ಹಬ್ಬಕ್ಕೆ ಹೊರಟ ಹೆಂಗಸರು ದಾರಿಯಲ್ಲಿ ನಿದ್ದೆ ಹೋದ ಹಾಗೆ. ಚಿಪ್ಪು ಕಿರುಬೆರಳ ಉಗುರಿಗಿಂತ ತುಸು ದೊಡ್ಡದು. ಬೆಳಕಿಗೆ ಹಿಡಿದರೆ ಒಳಗಿನ ಮೈ ನೆರಳಾಗಿ ಕಾಣುತ್ತದೆ. ಇವು ಮೊಟ್ಟೆ ಇಡುವುದಿಲ್ಲ, ಒಂದೊಂದೇ ಮರಿ ಹೆರುತ್ತವೆ ಎಂದು ಮಾತಾಹಿ ಒಂದು ಸಂಜೆ ಹೇಳಿದ್ದ. "ನಿನ್ನ ಪದ್ಯಗಳ ಹಾಗೆ ಕಣೇ, ಅವಸರವೇ ಇಲ್ಲ," ಎಂದಿದ್ದ. ನಾನೆಲ್ಲಿ ಪದ್ಯ ಬರೆದೆ? ಓದುತ್ತೇನೆ, ಅಷ್ಟೇ. ಆಗ ಅದನ್ನು ಹೇಳಬೇಕಿತ್ತು.

ಅಕ್ಟೋಬರ್ 12, ಭಾನುವಾರ

ಇವತ್ತು ಚರ್ಚಿಗೆ ಹೋದೆ, ಕೆಲಸವಿತ್ತು. ಆರಾಧನೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ: ಈ ಸಲ ಸತ್ತವರ ಹಬ್ಬಕ್ಕೆ ಕುಂಡಗಳು ಹೊಳೆ ದಾಟಬಾರದು. ಚಪ್ಪಟೆ ಹುಳುವನ್ನು ಹೇಗೆ ಹಿಡಿದೆ ಎಂಬುದನ್ನೂ ಹೇಳಿದೆ. ಮಕ್ಕಳೆದುರು ಪದ್ಯ ಓದಿದ ದನಿ ದೊಡ್ಡವರೆದುರು ನಡುಗಿತು.

ತೂಹಿತಿ ಭಾವನ ಮುಖ ಕೆಂಪಾಯಿತು. "ನಾನಿಟ್ಟಿದ್ದು ಪ್ರೀತಿಗೆ," ಎಂದರು.

"ಪ್ರೀತಿಗೇ ಇಟ್ಟಿದ್ದು ಭಾವ. ಹುಳಕ್ಕೆ ಅದು ಗೊತ್ತಿಲ್ಲ."

"ಅವನಿದ್ದಾಗ ಅವನಿಂದ ಹುಳದ ಪಾಠ. ಅವನು ಹೋದ್ಮೇಲೆ ನಿನ್ನಿಂದ. ಈ ಮನೆತನಕ್ಕೆ ರಜಾನೇ ಇಲ್ಲ," ಎಂದು ಭಾವ ಗೊಣಗಿದರು. ಕೆಲವರು ನಕ್ಕರು. ಅವರೂ ಕೊನೆಗೆ ಒಪ್ಪಿ ತಲೆಯಾಡಿಸಿದರು.

ನಗದವರು ತೇರಾಯಿ ದೊಡ್ಡಮ್ಮ. ಎದ್ದು ನಿಂತೇ ಮಾತಾಡಿದರು. "ನನ್ನ ತಂಗಿ ಸತ್ತಾಗ ಅವಳಿಗೆ ಆರು ವರ್ಷ. ಅವತ್ತಿಂದ ಒಂದು ವರ್ಷಾನೂ ತಪ್ಪಿಸದೆ ಬೇರಿರೋ ಹೂವನ್ನೇ ಕೊಟ್ಟಿದೀನಿ. ಕಿತ್ತ ಹೂ ಎರಡು ದಿನಕ್ಕೆ ಬಾಡತ್ತೆ, ಮಗು ಅಲ್ಲಿ ಒಬ್ಬಳೇ ಇರ್ತಾಳೆ ಅಂತ. ಈಗ ಹುಳಕ್ಕೋಸ್ಕರ ಅದೂ ಬೇಡ ಅಂತೀಯಲ್ಲ. ಅವಳು ಹುಳಕ್ಕಿಂತ ಕಡೆಯಾದ್ಳೇನೇ?"

ಪಾದ್ರಿಗಳು ಕೆಮ್ಮಿದರು. ಒಂದು ಹಾಡು ಹೇಳಿ ಎಲ್ಲರೂ ಚದುರಿದರು.

ಅಕ್ಟೋಬರ್ 15, ಬುಧವಾರ

ಬೇಲಿಯಾಚೆ ರೇಡಿಯೋ ಜೋರಾಗಿದೆ. ಜೀಗುಜ್ಜೆ ಕಳಿಸಿಲ್ಲ. ಹುಂಜ ನನ್ನ ಅಂಗಳಕ್ಕೆ ಬಂದರೆ ಅದನ್ನೂ ಕರೆದುಕೊಂಡು ಹೋಗುತ್ತಾರೆ.

ಅಕ್ಟೋಬರ್ 19, ಭಾನುವಾರ

ನಾನೇ ಹೋದೆ. ಮೀನನ್ನು ನಿಂಬೆರಸದಲ್ಲಿ ನೆನೆಸಿ, ಹೊಸದಾಗಿ ಹಿಂಡಿದ ತೆಂಗಿನ ಹಾಲು ಹಾಕಿ ತೆಗೆದುಕೊಂಡು ಹೋಗಿದ್ದೆ. ತೇರಾಯಿ ದೊಡ್ಡಮ್ಮ ತಟ್ಟೆ ಇಸಿದುಕೊಂಡು ಬಾಗಿಲಲ್ಲೇ ನಿಂತರು.

"ಉಪ್ಪು ಕಡಿಮೆ," ಎಂದರು, ಒಂದು ತುಂಡು ಬಾಯಿಗೆ ಹಾಕಿಕೊಂಡು.

"ನನ್ನ ಜೊತೆ ಒಂದ್ಸಲ ಮೇಲೆ ಬನ್ನಿ ದೊಡ್ಡಮ್ಮ. ಅವನ್ನ ನೋಡಿ. ನೋಡಿದ್ಮೇಲೂ ಕುಂಡ ಬೇಕು ಅಂದ್ರೆ ನಾನು ಸುಮ್ನಿರ್ತೀನಿ."

"ನೋಡಲ್ಲ."

"ಯಾಕೆ?"

"ನಾನು ಅವನ್ನ ಬುಟ್ಟೀಲಿ ನೋಡಿದೀನಿ, ಕುದಿಯೋ ನೀರಲ್ಲಿ ನೋಡಿದೀನಿ, ದಾರದಲ್ಲಿ ನೋಡಿದೀನಿ." ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. "ಬೇಟೆ ಹುಳ ತಿಂತು, ಸರಿ. ಅದಕ್ಕಿಂತ ಮೊದಲು ಕೈ ಹಾಕಿದ್ದು ಯಾರು? ನಂಗೆ ಅವುಗಳ ಮುಖ ನೋಡೋಕಾಗಲ್ಲ. ಮುಖ ಅಂತ ಒಂದಿದೆ ಗೊತ್ತಾ ನಿಂ‍ಗೆ? ಪುಟ್ಟ ಕೊಂಬು ಚಾಚಿ ನೋಡ್ತಾವೆ."

ಬೇಲಿಯ ಪಕ್ಕದಲ್ಲೇ ಮನೆಗೆ ಬಂದೆ. ಇಷ್ಟು ವರ್ಷ ಅಕ್ಕಪಕ್ಕದಲ್ಲಿದ್ದೂ ಅವರ ತಂಗಿಯ ಹೆಸರೇನೆಂದು ಕೇಳಿರಲಿಲ್ಲ. ಮತ್ತೆ ಹೋಗಿ ಕೇಳಿದೆ. ‘ಮೇರೇಹಾ’ ಎಂದು ಕಿಟಕಿಯಿಂದಲೇ ಹೇಳಿ ಬಾಗಿಲು ಹಾಕಿಕೊಂಡರು.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಹಲಗೆ ನೋಡಿ ಬರುವಷ್ಟರಲ್ಲಿ ತೇರಾಯಿ ದೊಡ್ಡಮ್ಮ ನನ್ನ ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಸುತ್ತ ಬಕೆಟ್ಟುಗಳಲ್ಲಿ ಕಡಲ ಚಿಪ್ಪು, ತೊಳೆದು ಒಣಗಿಸಿದ್ದು. ಸೂಜಿ, ದಾರ, ಮೇಣ.

"ಮಾತಾಡ್ಬೇಡ. ಕೇಳು," ಎಂದರು. "ಪಪೀಟೆಯಿಂದ ಮಾತಾಹಿ ಶವದ ಪೆಟ್ಟಿಗೆ ವಿಮಾನದಲ್ಲಿ ಬಂದಿಳಿದಾಗ ನಾವೆಲ್ಲ ಏನು ಹಾಕಿದ್ವಿ?"

"ಹೂವಿನ ಹಾರ."

"ಹೂ ಹಾಕೋದು ಯಾರಿಗೆ?"

"ಬರೋರಿಗೆ."

"ಹೋಗೋರಿಗೆ?"

ನಾನು ಕೂತೆ.

"ಊರಿಗೆ ಬಂದ್ನಲ್ಲ ಅಂತ ಹೂ ಹಾಕಿದ್ವಿ, ಅದು ಸರಿ. ಆಮೇಲೆ ಕಳಿಸಿಕೊಡೋದನ್ನ ಮರೆತ್ವಿ. ಪಪೀಟೆಗೆ ಹಲ್ಲು ಕೀಳಿಸೋಕೆ ಹೋಗೋನ ಕೊರಳಿಗೂ ಚಿಪ್ಪಿನ ಹಾರ ಹಾಕಿ ಹಡಗು ಹತ್ತಿಸ್ತೀವಿ. ಇವರಿಗೆ ಮಾತ್ರ ವರ್ಷ ವರ್ಷ ಹೂವು, ಆಗತಾನೇ ಬಂದಿಳಿದೋರಿಗೆ ಕೊಟ್ಟ ಹಾಗೆ. ಪಾಪ ಮೇರೇಹಾ, ಹೋಗ್ಲಾ ಬೇಡ್ವಾ ಅಂತ ಇನ್ನೂ ಬಾಗಿಲಲ್ಲೇ ನಿಂತಿರ್ತಾಳೆ. ಮಗು, ಅದಕ್ಕೇನು ಗೊತ್ತಾಗತ್ತೆ?" ಸೂಜಿಯ ಕಣ್ಣಿಗೆ ದಾರ ಹಾಕಲು ಹೋಗಿ ತಪ್ಪಿತು. ನನ್ನ ಕೈಗೆ ಕೊಟ್ಟರು. "ಚಿಪ್ಪಲ್ಲಿ ಮಣ್ಣಿಲ್ಲ, ನಿನ್ನ ಹುಳಾನೂ ಇಲ್ಲ. ಬಾಡೋದೂ ಇಲ್ಲ. ಎಲ್ಲ ಸಮಾಧಿಗೂ ಒಂದೊಂದು. ಇದನ್ನ ನಾನು ಹೇಳಿದ್ದು, ನಿನ್ನ ವೈಮಿತಿ ಅಲ್ಲ. ನೆನಪಿರ್ಲಿ."

ನೆನಪಿಡುತ್ತೇನೆ ಎಂದೆ.

ಅಕ್ಟೋಬರ್ 28, ಮಂಗಳವಾರ

ಜಗಲಿ ತುಂಬ ಹೆಂಗಸರು. ಯಾರ ಮಗಳು ಯಾರ ಬೈಕಿನ ಹಿಂದೆ ಕೂತಿದ್ದಳು, ಯಾರ ಜೀಗುಜ್ಜೆಯನ್ನು ಯಾರು ಕೊಯ್ದರು, ಎಲ್ಲವೂ ಚಿಪ್ಪಿನ ಜೊತೆ ದಾರಕ್ಕೆ ಏರುತ್ತಿದೆ. ಎಲ್ಲರಿಗೂ ಕಾಫಿ ಮಾಡಿ ಮಾಡಿ ಸಾಕಾಯಿತು. ಸಕ್ಕರೆ ತರಬೇಕು.

ನನ್ನ ಹಾರ ಇವತ್ತು ಮುಗಿಯಿತು. ಎಲ್ಲೋ ಗಂಟು ಜಾರಿ ನಡುವೆ ಒಂದು ಚಿಪ್ಪಿನ ಜಾಗ ಖಾಲಿ ಉಳಿದಿದೆ. ತೇರಾಯಿ ದೊಡ್ಡಮ್ಮ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರೇ, ಮೇಡಂ ಪೋಣಿಸಿದ ಹಾರ. ಹಲ್ಲುದುರಿದೋರು ನಕ್ಕ ಹಾಗಿದೆ."

"ಬಿಚ್ಚಿ ಮತ್ತೆ ಪೋಣಿಸ್ಲಾ?"

"ಬೇಡ ಬಿಡು. ಮಾತಾಹಿಗೂ ಮುಂದಿನ ಹಲ್ಲು ಒಂದು ಇರ್ಲಿಲ್ವಲ್ಲ. ಹೆಂಡ್ತಿ ಕೊಟ್ಟಿದ್ದು ಅಂತ ಗುರುತು ಹಿಡೀತಾನೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕೆ. ಪಕ್ಕೆ ಹಿಡಿದುಕೊಳ್ಳುವ ತನಕ ನಕ್ಕೆ. ತೆಂಗಿನಕಾಯಿಯನ್ನು ಹಲ್ಲಿನಲ್ಲಿ ಸುಲಿಯುತ್ತೇನೆಂದು ಪಂಥ ಕಟ್ಟಿ ಕಳೆದುಕೊಂಡ ಹಲ್ಲು ಅದು. ಆ ಕತೆಯನ್ನು ಹೇಳಿದೆ. ಅವರಿಗೆಲ್ಲ ಗೊತ್ತಿದ್ದದ್ದೇ. ಆದರೂ ಕೇಳಿದರು.

ನವೆಂಬರ್ 1, ಶನಿವಾರ

ಸುಣ್ಣದ ವಾಸನೆ ಇನ್ನೂ ಕೈಯಲ್ಲಿದೆ. ಬೆಳಿಗ್ಗೆಯೇ ಹೋಗಿ ಕಳೆ ಕಿತ್ತು, ಕಟ್ಟೆಗೆ ಎರಡು ಸಲ ಬಳಿದೆ. ಹವಳ ಸುಟ್ಟು ಮಾಡಿದ ಸುಣ್ಣ, ತೂಹಿತಿ ಭಾವ ತಂದುಕೊಟ್ಟಿದ್ದು. ಶಿಲುಬೆಗೂ ಬಳಿದೆ. ಮೇಲಿನ ತುದಿ ಎಟುಕದೆ, ಭಾವ ನನ್ನ ಕೈಯಿಂದ ಕುಂಚ ಕಸಿದುಕೊಂಡರು.

ಸಂಜೆಗೆ ಎಲ್ಲರೂ ಬಂದರು. ಹಡಗಿನಲ್ಲಿ ಬಂದ ಸೇವಂತಿಗೆ ಕುಂಡಗಳೆಲ್ಲ ಹೊಳೆಯ ಈಚೆ ದಡದಲ್ಲೇ ಸಾಲಾಗಿ ನಿಂತವು, ಹಳದಿ, ಬಿಳಿ, ಬೀಳ್ಕೊಡಲು ಬಂದವರ ಹಾಗೆ. ಉಪ್ಪುನೀರಿನ ತೊಟ್ಟಿಯಲ್ಲಿ ಕಾಲು ತೊಳೆದು ಜನ ದಾಟಿದರು. "ಸ್ವರ್ಗಕ್ಕೆ ಹೋಗೋಕೂ ಇಷ್ಟು ಕಾಲು ತೊಳೆಸಲ್ಲ," ಎಂದು ಯಾರೋ ಗೊಣಗಿದರು.

ಮೊಂಬತ್ತಿ ಹಚ್ಚಿದೆವು. ತೇರಾಯಿ ದೊಡ್ಡಮ್ಮ ತಂಗಿಯ ಪುಟ್ಟ ಕಲ್ಲಿಗೆ ಹಾಕಿದ್ದು ಕಡಲ ಚಿಪ್ಪಿನ ಹಾರವಲ್ಲ. ತಮ್ಮ ಕೊರಳಿಂದ ಭಾನುವಾರದ ಹಾರವನ್ನೇ ತೆಗೆದು ಹಾಕಿದರು. ನಾನು ನನ್ನ ಹಲ್ಲುದುರಿದ ಹಾರವನ್ನು ಮಾತಾಹಿಗೆ ಹಾಕಿದೆ. ಹೋಗಿ ಬಾ ಎಂದೆ. ಬಂದರ ಕಟ್ಟೆಯಲ್ಲಿ ಎಲ್ಲರಿಗೂ ಹೇಳುವ ಮಾತೇ.

ಹಾಡು ಶುರುವಾದಾಗ ಕೆಳಗಿನ ದನಿಗೆ ತೂಹಿತಿ ಭಾವ ಸೇರಿಕೊಂಡರು. ಹೊಂದಲಿಲ್ಲ. ಪರವಾಗಿಲ್ಲ, ಕಲ್ಲು ಎಂದ ಮೇಲೆ ಉರುಳುತ್ತಾ ನುಣುಪಾಗುತ್ತದೆ. ನಾನು ನನ್ನ ಸಾಲು ಹಾಡಿದೆ.

ನವೆಂಬರ್ 17, ಸೋಮವಾರ

ಹಲಗೆಗಳ ಕೆಳಗೆ ಏನೂ ಇಲ್ಲ. ಆ ಒಂದು ಚಪ್ಪಟೆ ಹುಳು ಒಂಟಿಯಾಗಿಯೇ ಬಂದಿತ್ತೆಂದು ವೈಮಿತಿ ಈಗ ನಂಬುತ್ತಿದ್ದಾಳೆ. ನಾನು ನಂಬಿ ಕೆಲವು ದಿನವಾಯಿತು.

ಆದರೆ ಮರಿಯೂ ಇಲ್ಲ. ಇವತ್ತು ಶುಂಠಿಯ ಬುಡದಲ್ಲಿ ಖಾಲಿ ಚಿಪ್ಪೊಂದು ಸಿಕ್ಕಿತು, ಕೆಂಪು ಚುಕ್ಕೆಯದು. ವಯಸ್ಸಾಗಿ ಸತ್ತದ್ದಿರಬಹುದು. ಮನೆಗೆ ತಂದು ಕಿಟಕಿಯ ಮೇಲಿಟ್ಟಿದ್ದೇನೆ. ಇರುವವು ಒಂದೊಂದೇ ಮುದಿಯಾಗಿ ಹೋಗಿ, ಹೊಸದು ಬರದಿದ್ದರೆ?

ತೇರಾಯಿ ದೊಡ್ಡಮ್ಮ ಪ್ರತಿ ಭಾನುವಾರ ಆರಾಧನೆಗೆ ಮೊದಲು ಹೊಳೆ ದಾಟಿ ಹೋಗುತ್ತಾರೆ. ಗಾಳಿಮಳೆಗೆ ಹಾರದ ದಾರ ಹರಿದಿದೆಯೇ ನೋಡಲು. ಹುಳುಗಳ ಮರದ ಕಡೆ ಮಾತ್ರ ತಿರುಗಿಯೂ ನೋಡುವುದಿಲ್ಲವಂತೆ. "ಟೋಪಿ ಓರೆ ಮಾಡ್ಕೊಂಡು ಹೋಗ್ತೀನಿ," ಎಂದರು.

ನವೆಂಬರ್ 26, ಬುಧವಾರ

ಜಡಿಮಳೆಯಲ್ಲಿ ಒಂದು ಅರೇಹೊ ಕಾಂಡದಿಂದ ಇಳಿದು ಪಕ್ಕದ ಶುಂಠಿ ಎಲೆಗೆ ದಾಟುವುದನ್ನು ನೋಡುತ್ತ ಕೂತಿದ್ದೆ. ಬೆಳಗೆಲ್ಲ ಹಿಡಿಯಿತು. ಎಲೆಯ ತುದಿ ಗಾಳಿಗೆ ದೂರ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅದು ಮೈ ಚಾಚಿ ಕಾಯುತ್ತಿತ್ತು. ಆ ಸಾಲು ಪೂರ್ತಿ ಸುಳ್ಳಲ್ಲವೇನೋ. ದಾರಿ ದೂರವೋ ಹತ್ತಿರವೋ ಎಂದು ಅದು ಯೋಚಿಸುವ ಹಾಗೆ ಕಾಣಲಿಲ್ಲ.

ಶಾಲೆಯಿಂದ ಫೋನು ಬಂದಿತ್ತು. ರಜೆ ಮುಗಿಸಿ ಜನವರಿಗೆ ಬರುತ್ತೇನೆ ಎಂದೆ. ಬಟ್ಟೆ ಒಣಗುತ್ತಿಲ್ಲ.

ಡಿಸೆಂಬರ್ 6, ಶನಿವಾರ

ವೈಮಿತಿ ಬೆಳಗಿನ ವಿಮಾನಕ್ಕೆ ಬಂದಳು. ಇಬ್ಬರೂ ದಿನವಿಡೀ ಹುಡುಕಿದೆವು. ಒಂದೊಂದು ಎಲೆಯನ್ನೂ ತಿರುಗಿಸಿ, ತೊಗಟೆಯ ಸಂದುಗಳಲ್ಲಿ ಟಾರ್ಚು ಬಿಟ್ಟು. ಚುಕ್ಕೆ, ಚುಕ್ಕೆ, ಮತ್ತೆ ಚುಕ್ಕೆ. ಎಲ್ಲ ಬಿಟ್ಟವೇ.

ಸಂಜೆ ಕೆಂಡದ ಮೇಲೆ ಜೀಗುಜ್ಜೆ ಸುಟ್ಟೆ. ಮೇಜಿಗೆ ಬಟ್ಟೆ ಹಾಸಿ ತಟ್ಟೆ ಇಟ್ಟೆ. ವೈಮಿತಿ ಸರಿಯಾಗಿ ತಿನ್ನಲಿಲ್ಲ.

"ನಾಳೆ ಮಧ್ಯಾಹ್ನದ ವಿಮಾನಕ್ಕೆ ಹೋಗಿ ‘ಇಲ್ಲ’ ಅಂತ ಬರೀಬೇಕು ಮೇಡಂ. ಮುಂದಿನ ಪೆಟ್ಟಿಗೆ ಎಲ್ಲಿಗೆ ಕಳಿಸೋದು ಅಂತ ಕ್ರಿಸ್‌ಮಸ್‌ಗೆ ಮೊದಲೇ ಕೇಳ್ತಿದಾರೆ."

"ಬರಿ. ಕಂಡಿಲ್ಲ ಅಂತ ಬರಿ. ಇಲ್ಲ ಅಂತ ಬರೀಬೇಡ."

"ಎರಡಕ್ಕೂ ವ್ಯತ್ಯಾಸ ಏನು? ಪೆಟ್ಟಿಗೆ ಬರಲ್ಲ."

"ಪೆಟ್ಟಿಗೆ ಬರದಿದ್ರೂ ನಾನು ಸೋಮವಾರ ಹೋಗ್ತೀನಲ್ಲ, ಎಲೆ ತಿರುಗಿಸೋಕೆ. ನಿಂಗೆ ಇನ್ನೊಂದು ತುಂಡು ಹಾಕ್ಲಾ?"

ಹಾಕಿಸಿಕೊಂಡಳು. ಅವಳಿಗೆ ಮಾತಾಹಿಯ ಸಾಮಾನಿದ್ದ ಕಿಟಕಿಯ ಕೋಣೆ ಕೊಟ್ಟಿದ್ದೇನೆ. ಅವನ ಅಂಗಿಗಳನ್ನು ತೆಗೆದು ಮಡಿಸಿ ಭಾವನಿಗೆಂದು ಎತ್ತಿಟ್ಟೆ. ಮಳೆ ಮತ್ತೆ ಹಿಡಿದಿದೆ.

ಡಿಸೆಂಬರ್ 7, ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ಮಳೆ ನಿಂತಿತ್ತು. ವೈಮಿತಿ ಇನ್ನೂ ಮಲಗಿದ್ದಳು. ಕಾಫಿಗೆ ನೀರಿಟ್ಟು, ಚರ್ಚಿಗೆ ಹಾಕುವ ಬಿಳಿ ಲಂಗದ ಸುಕ್ಕು ಬಿಡಿಸುತ್ತಿದ್ದೆ. ಗೇಟು ಧಡ್ಡೆಂದಿತು. ತೇರಾಯಿ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಟೋಪಿ ಕೈಯಲ್ಲಿ, ಲಂಗದ ತುದಿಯೆಲ್ಲ ಕೆಸರು, ಏದುಸಿರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಕ್ಷಣ ನಿಂತರು.

"ಆ ಹುಡುಗೀನ ಎಬ್ಬಿಸೇ, ತೀತಾವಾ. ನಿನ್ನ ಹಲ್ಲುದುರಿದ ಹಾರ ಇದ್ಯಲ್ಲ, ಮಾತಾಹಿ ಶಿಲುಬೆ ಮೇಲಿಂದು, ಆ ಖಾಲಿ ಜಾಗಕ್ಕೆ ಯಾರೋ ಒಂದು ಚಿಪ್ಪು ಸೇರಿಸಿದಾರೆ. ಬೇಳೆಕಾಳಿನಷ್ಟಿದೆ. ಕನ್ನಡಕ ಹಾಕ್ಕೊಂಡು ಎರಡೆರಡು ಸಲ ನೋಡ್ದೆ, ಚುಕ್ಕೆ ಇಲ್ಲ. ಸುಣ್ಣ ನೆಕ್ಕೊಂಡು ನೆಕ್ಕೊಂಡು ಮೆಲ್ಲಗೆ ನಡೀತಾ ಇದೆ. ಕೊಂಬು ಚಾಚಿ ನನ್ನ ಮುಖ ನೋಡ್ತು ಕಣೇ. ಈ ಸಲ ನಾನು ಕೈ ಹಾಕಿಲ್ಲ, ಬೇಗ ಬಾ."